ಮಾತಾಡುವ ರೆಸ್ಕ್ಯೂ ಪೆನ್‌ಡ್ರೈವ್: ಗೆದ್ದದ್ದು ಸೌಂಡ್ ಡಾಂಗಲ್‌ನಿಂದ

ಕೆಟ್ಟ ಕಂಪ್ಯೂಟರಿನಿಂದ ಫೈಲ್ ತೆಗೆಯಲು ಅಂಧರಿಗೆ ಕಣ್ಣಿರುವವರು ಪಕ್ಕದಲ್ಲಿರಲೇಬೇಕು ಎಂದು ವಾದಿಸಿದವರೇ ಹೆಚ್ಚು. ಈಗ ತನ್ನದೇ ಲಿನಕ್ಸ್ ಇರುವ ನನ್ನ ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ ಹೆಚ್ಚುಕಡಿಮೆ ಒಂದು ನಿಮಿಷದಲ್ಲಿ ಮಾತು ಶುರು. ಬೂಟ್ ಕ್ರಮದಲ್ಲಿ (ಯಂತ್ರ ಯಾವ ಡಿಸ್ಕಿನಿಂದ ಮೊದಲು ಶುರುವಾಗಬೇಕೆಂಬ ಪಟ್ಟಿ) ಯುಎಸ್‌ಬಿಯನ್ನು ಮೊದಲಿಗೆ ತಂದಿಟ್ಟಿರಬೇಕು, ಅಷ್ಟೇ. ಅದನ್ನು ಯಂತ್ರ ಚೆನ್ನಾಗಿರುವಾಗಲೇ ಮಾಡಿಟ್ಟುಕೊಳ್ಳಿ.

ಅದರಲ್ಲಿರುವುದು ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್ ಆದ ಡೆಬಿಯನ್ ಲೈವ್, ಪರದೆ ಓದುವ ಸ್ಪೀಕಪ್, ಅದಕ್ಕೆ ಧ್ವನಿ ಕೊಡುವ ಈಸ್ಪೀಕಪ್, ಕೆಟ್ಟ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ. ಕೈಕೊಟ್ಟದ್ದು ಧ್ವನಿ. ಒಂದು ಯಂತ್ರದಲ್ಲಿ ಎಚ್‌ಡಿಎಂಐ ಸೊನ್ನೆಯ ಕಾರ್ಡಾಗಿ (ಮಾತು ಮೊದಲು ಹೋಗುವ ಧ್ವನಿ ಕಾರ್ಡಾಗಿ) ಕೂತು, ಮಾತೆಲ್ಲ ಸ್ಪೀಕರಿಲ್ಲದ ಮಾನಿಟರಿಗೆ ಹೋಯಿತು. ಇನ್ನೊಂದು ಹೊಸ ಲ್ಯಾಪ್‌ಟಾಪಿನಲ್ಲಿ ಧ್ವನಿ ಚಿಪ್ಪಿಗೆ ಬೇಕಾದ ಎಸ್‌ಒಎಫ್ ಫರ್ಮ್‌ವೇರ್ ಇಲ್ಲದೆ ಕಾರ್ಡೇ ಕಾಣಲಿಲ್ಲ. ಯಂತ್ರಕ್ಕೊಂದು ಮದ್ದು ಹುಡುಕುವುದನ್ನು ಬಿಟ್ಟು ಯುಎಸ್‌ಬಿ ಸೌಂಡ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ಧ್ವನಿ ಕಾರ್ಡ್) ಹಿಡಿದೆ. ಮೊದಲು ಕೊಂಡ ದುಬಾರಿಯದು ತನ್ನದೇ ಡ್ರೈವರ್ ಬೇಡಿತು, ದುಡ್ಡು ದಂಡ. ಅದರ ಹತ್ತರಲ್ಲೊಂದು ಪಾಲು ಬೆಲೆಯ ಸಾದಾ ಡಾಂಗಲ್ ಡ್ರೈವರ್ ಕೇಳದೆ ನುಡಿಯಿತು.

ಲಿನಕ್ಸಿನಲ್ಲಿ ಧ್ವನಿ ನೋಡಿಕೊಳ್ಳುವ ಸೌಂಡ್ ಮಾಡ್ಯೂಲಿನ ‘ಸ್ಲಾಟ್ಸ್’ ಆಯ್ಕೆಯಲ್ಲಿ ಯುಎಸ್‌ಬಿ ಆಡಿಯೋ ಹೆಸರು ಕೊಟ್ಟರೆ ಸೊನ್ನೆಯ ಜಾಗ ಅದಕ್ಕೇ ಮೀಸಲು. ಆದರೂ ಮೌನ! ಡಾಂಗಲ್ ಏಳಲು ಮೂರ್ನಾಲ್ಕು ಸೆಕೆಂಡು ಬೇಕು, ಈಸ್ಪೀಕಪ್ ಅದಕ್ಕೂ ಮುಂಚೆ ಎದ್ದು ಬಿದ್ದುಹೋಗುತ್ತಿತ್ತು. ಕಾರ್ಡ್ ಕಾಣುವವರೆಗೆ ಅದನ್ನು ಕಾಯಿಸಿದೆ. ವಾಲ್ಯೂಮಿನಲ್ಲೂ ಒಂದು ತೊಡಕು: ‘ಮಾಸ್ಟರ್’ ಎಂದು ಬರೆದ ಆದೇಶ ಸೋಲುತ್ತದೆ, ಡಾಂಗಲಿನಲ್ಲಿ ಅದು ‘ಸ್ಪೀಕರ್’ ಅಥವಾ ‘ಪಿಸಿಎಂ’. ನನ್ನ ಸ್ಕ್ರಿಪ್ಟ್ ಮೂರನ್ನೂ ಪ್ರಯತ್ನಿಸುತ್ತದೆ.

ನಡುವೆ ಪೆನ್‌ಡ್ರೈವಿನಿಂದ ಓಡುವ ಪುಟ್ಟ ವಿಂಡೋಸ್ ಆದ ವಿಂಡೋಸ್ ಪಿಇಯಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಕೂರಿಸಲೂ ನೋಡಿದೆ. ಅಲ್ಲಿ ಧ್ವನಿಯನ್ನು ನಾವೇ ತುಂಬಬೇಕು. ಜೊತೆಗೆ 72 ಗಂಟೆಗೆ ಅದು ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಸಾಯುತ್ತಿರುವ ಡಿಸ್ಕಿನ ನಕಲು ದಿನಗಟ್ಟಲೆ ಓಡುತ್ತದೆ, ಹಾಗಾಗಿ ಬಿಟ್ಟೆ.

ಡಿಡಿರೆಸ್ಕ್ಯೂ ಪ್ರತಿ ಸೆಕೆಂಡಿಗೂ ಪರದೆ ತಿದ್ದುವುದರಿಂದ ರೀಡರ್ ಬಡಬಡಿಸುತ್ತಲೇ ಇರುತ್ತದೆ. ‘ಮೈನಸ್ ಕ್ಯೂ’ ಹಾಕಿ ಸುಮ್ಮನಾಗಿಸಿ, ಆಲ್ಟ್ ಎಫ್2 ಒತ್ತಿ ಇನ್ನೊಂದು ಕನ್ಸೋಲಿನಲ್ಲಿ ಡಿಡಿರೆಸ್ಕ್ಯೂಲಾಗ್‌ಗೆ ‘ಮೈನಸ್ ಟಿ’ ಕೊಟ್ಟು ಮ್ಯಾಪ್ ಫೈಲಿನ (ಎಷ್ಟು ನಕಲಾಯಿತು, ಎಷ್ಟು ಉಳಿಯಿತು ಎಂದು ಬರೆದಿಡುವ ಫೈಲ್) ಲೆಕ್ಕ ಕೇಳಿ. ಮೊದಲ ಸುತ್ತು ಡಿಡಿರೆಸ್ಕ್ಯೂಗೆ ‘ಮೈನಸ್ ಎನ್’ (ಕೆಟ್ಟ ಭಾಗಗಳನ್ನು ಕೆರೆಯದೆ), ಆಮೇಲೆ ‘ಮೈನಸ್ ಆರ್ 3’ (ಕೆಟ್ಟ ಭಾಗಗಳಿಗೆ ಮೂರು ಮರುಯತ್ನ). ನಕಲು ಹೋಗುವ ಗುರಿ ಡಿಸ್ಕ್ ಫ್ಯಾಟ್32 ಮಾದರಿಯದಾಗಿದ್ದರೆ ಇಮೇಜ್ (ನಕಲಿನ ಫೈಲ್) 4 ಜಿಬಿಗೆ ನಿಲ್ಲುತ್ತದೆ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳಲ್ಲಿ ಎಸ್‌ಡಿಎ ಯಾವುದು, ಎಸ್‌ಡಿಬಿ ಯಾವುದು ಎಂಬುದನ್ನು ಗಾತ್ರದಿಂದ ಊಹಿಸಬೇಡಿ; ಸೀರಿಯಲ್ ನಂಬರನ್ನು ಅಕ್ಷರ ಅಕ್ಷರವಾಗಿ ಕೇಳಿಸಿಕೊಂಡ ಮೇಲೆಯೇ ಎಂಟರ್ ಒತ್ತಿ.