ಬೆಂಗಳೂರಿನ ಗುಲಾಬಿ ಸುಳ್ಯದಲ್ಲಿ ಮೂರು ದಿನ ನಿಲ್ಲಬೇಕಾದರೆ

“ಸುಳ್ಯದಲ್ಲಿ ಬೊಕ್ಕೆ ಯಾರು ತೆಗೆದುಕೊಳ್ಳುತ್ತಾರೆ?” ಎಂದು ಇಲ್ಲಿನ ನನ್ನ ಬೊಕ್ಕೆ ಅಂಗಡಿಯ ಬಗ್ಗೆ ಕೇಳಿದವರೆಲ್ಲ ಹೂವಿನ ವ್ಯಾಪಾರ ಬಲ್ಲವರೇ. ಅಂಗಳದಲ್ಲಿ ದಾಸವಾಳ, ನಂದಿಬಟ್ಟಲು, ಬೇಲಿಯಲ್ಲಿ ಕೇಪುಳ ಇರುವವರು ಏಳ್ನೂರು ರೂಪಾಯಿ ಕೊಟ್ಟು ಹೂ ಕೊಳ್ಳುವುದಿಲ್ಲ, ಅದು ಸರಿ. ಆದರೆ ನನ್ನ ಗಿರಾಕಿ ಸುಳ್ಯದಲ್ಲಿ ಇರುವವನೇ ಅಲ್ಲ. ದುಬೈಯಲ್ಲೋ ವೈಟ್‌ಫೀಲ್ಡಿನಲ್ಲೋ ಕೂತು ಬೆಳ್ಳಾರೆಯ ಅಮ್ಮನ ಹುಟ್ಟುಹಬ್ಬಕ್ಕೆ, ಗುತ್ತಿಗಾರಿನ ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆ ಹೂ ಕಳಿಸುವವನು ಅವನು. ಕೊಟ್ಟ ಹೂವನ್ನು ಅವನು ನೋಡುವುದು ವಾಟ್ಸಾಪ್ ಫೋಟೊದಲ್ಲಿ. ಮೊದಲ ದಿನದ ಫೋಟೊ ಯಾರ ಅಂಗಡಿಯ ಬೊಕ್ಕೆಯದ್ದೂ ಚೆನ್ನಾಗಿಯೇ ಇರುತ್ತದೆ. ಮೂರನೇ ದಿನದ ವೀಡಿಯೊ ಕಾಲ್‌ನಲ್ಲಿ ಅಮ್ಮನ ಹಿಂದೆ, ಟಿ.ವಿ. ಪಕ್ಕ, ಹೂ ಇನ್ನೂ ತಲೆ ಎತ್ತಿ ನಿಂತಿದ್ದರೆ ಮಾತ್ರ ಮುಂದಿನ ಆರ್ಡರ್ ಬರುತ್ತದೆ.

ಎರಡನೇ ಅನುಮಾನ ಹೂವಿನದ್ದೇ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಡಚ್ ರೋಜ್ (ಬೊಕ್ಕೆಗೆ ಹಾಕುವ ಉದ್ದ ದಂಟಿನ ಗುಲಾಬಿ) ಮಧ್ಯಾಹ್ನದೊಳಗೆ ಕುತ್ತಿಗೆ ಬಗ್ಗಿಸುತ್ತದೆ, ಸುಳ್ಯದ ಸೆಕೆಗೆ ಅದು ಆಗುವ ಹೂವಲ್ಲ ಎನ್ನುತ್ತಿದ್ದರು. ಬಗ್ಗಿಸುವುದು ನಿಜ, ಕಾರಣ ಮಾತ್ರ ಸೆಕೆಯೂ ಅಲ್ಲ, ಏಳೆಂಟು ಗಂಟೆಯ ಪ್ರಯಾಣವೂ ಅಲ್ಲ. ಬೆಂಗಳೂರಿನ ಹೆಬ್ಬಾಳದ ಹೂ ಹರಾಜಿನಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ಬೆಳಿಗ್ಗೆ ಕೊಂಡ ಹೂ ರಾತ್ರಿ ಹತ್ತೂವರೆಯ ಬಸ್ಸಿನ ತನಕ ನೀರಿಲ್ಲದೆಯೇ ಕೂತಿರುತ್ತದೆ. ಅಷ್ಟರಲ್ಲಿ ದಂಟಿನ ಕೆಳತುದಿಯೊಳಗೆ ಗಾಳಿ ಸೇರಿರುತ್ತದೆ. ಸುಳ್ಯದಲ್ಲಿ ನೀರಿಗೆ ಇಟ್ಟರೂ ಆ ಗಾಳಿಗುಳ್ಳೆ ದಾಟಿ ನೀರು ಮೇಲೆ ಹೋಗುವುದಿಲ್ಲ. ತಲೆಯ ಕೆಳಗಿನ ಎರಡಿಂಚು ಎಳೆಯ ದಂಟು ಮೊದಲು ಸೋಲುತ್ತದೆ, ಹೂ ಬಗ್ಗುತ್ತದೆ. ಹೂ ನೀರು ಕುಡಿಯಬೇಕಾದ್ದು ಬೆಂಗಳೂರಿನಲ್ಲಿ, ಬಸ್ಸು ಹತ್ತುವ ಮೊದಲು. ಇದು ತಲೆಗೆ ಹೋಗುವ ತನಕ ನಾನೂ ಎಲ್ಲರ ಹಾಗೆ ಬೇಗ ಬರುವ ಬಸ್ಸನ್ನೇ ಹುಡುಕುತ್ತಿದ್ದೆ.

ಈಗಿನ ಕ್ರಮ ಹೀಗೆ. ಅಲ್ಲಿ ನನ್ನ ಪರವಾಗಿ ಕೊಳ್ಳುವ ಹುಡುಗ ಒಬ್ಬ ಉಂಟು, ಬಂಚಿಗೆ ಇಂತಿಷ್ಟು ಎಂದು ಕೂಲಿ. 20 ಕಡ್ಡಿಯ ಬಂಚ್, 50 ಸೆಂ.ಮೀ. ಉದ್ದದ್ದು. 60, 70 ಸೆಂ.ಮೀ.ನದ್ದು ನೋಡಲು ಗತ್ತು ನಿಜ, ಆದರೆ ಬೊಕ್ಕೆಗೆ ಹೇಗೂ ಕತ್ತರಿಸುವ ಉದ್ದಕ್ಕೆ ಹೆಚ್ಚು ದುಡ್ಡು ಯಾಕೆ? ಕೆಂಪಿಗೆ ತಾಜ್ ಮಹಲ್ ತಳಿ, ಬಿಳಿಗೆ ಅವಲಾಂಚ್. ಮೊಗ್ಗು ಬಿಗಿಯಾಗಿದ್ದು ಹೊರಗಿನ ಒಂದೆರಡು ಎಸಳು ಮಾತ್ರ ಬಿಡತೊಡಗಿರಬೇಕು. ಪೂರ್ತಿ ಬಿಗಿ ಇರುವ ಮೊಗ್ಗು ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಅರಳುವುದೇ ಇಲ್ಲ, ಹಾಗೆಯೇ ಕಂದುತ್ತದೆ. ಹೊರಗಿನ ಹಸಿರು ಮಿಶ್ರಿತ ಒರಟು ಎಸಳನ್ನು ಅಲ್ಲಿ ಕೀಳಬಾರದು. ದಾರಿಯ ಪೆಟ್ಟೆಲ್ಲ ಅದೇ ತಿನ್ನುತ್ತದೆ, ಇಲ್ಲಿ ಬೊಕ್ಕೆ ಕಟ್ಟುವಾಗ ತೆಗೆದರಾಯಿತು.

ಹನ್ನೊಂದು ಗಂಟೆಯೊಳಗೆ ಹೂ ಬಕೆಟ್ಟಿಗೆ ಬೀಳಬೇಕು. ನೀರಿನೊಳಗೇ ತುದಿಯನ್ನು 2-3 ಸೆಂ.ಮೀ. ಓರೆಯಾಗಿ ಕತ್ತರಿಸುವುದು, ನೀರಿಗೆ ಮುಳುಗುವಷ್ಟು ಎಲೆ ತೆಗೆಯುವುದು. ಮುಳ್ಳನ್ನು ಬಟ್ಟೆ ಹಿಡಿದು ಸರ್ರನೆ ಎಳೆದು ತೆಗೆಯುವ ಅಭ್ಯಾಸ ಎಲ್ಲ ಕಡೆ ಇದೆ. ಹಾಗೆ ಎಳೆದರೆ ಸಿಪ್ಪೆ ಸುಲಿಯುತ್ತದೆ, ಸುಲಿದ ಜಾಗದಿಂದ ಕೊಳೆ ಶುರು. ಹತ್ತು ಲೀಟರ್ ನೀರಿಗೆ 3 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಸಣ್ಣ ಚಮಚದಲ್ಲಿ ತುಸು ಕಮ್ಮಿ. ಅದು ಕಾವೇರಿ ನೀರಿನ ಲೆಕ್ಕ. ಬೋರ್‌ವೆಲ್ಲಿನ ಗಡಸು ನೀರಾದರೆ ಹೆಚ್ಚುಕಡಿಮೆ ದುಪ್ಪಟ್ಟು ಬೇಕಾಗುತ್ತದೆ. ನೀರಿನ ಹುಳಿ ಎಷ್ಟೆಂದು ತೋರಿಸುವ ಪಿ.ಎಚ್. ಪಟ್ಟಿ ಅದ್ದಿ ನೋಡಿ, 3.5ರಿಂದ 4ರ ನಡುವೆ ಇದ್ದರೆ ಸಾಕು. ಜೊತೆಗೆ ಕೆಲವೇ ಹನಿ ಬ್ಲೀಚ್. ಇನ್ನೊಂದು ವಸ್ತುವನ್ನೂ ಹಾಕುತ್ತೇನೆ, ಕಿರಾಣಿ ಅಂಗಡಿಯಲ್ಲೇ ಸಿಗುವಂಥದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಈ ಹಂತದಲ್ಲಿ ಸಕ್ಕರೆ ಮಾತ್ರ ಬೇಡ, ದಾರಿಯಲ್ಲೇ ಅರಳಿಬಿಡುತ್ತದೆ. ಬಕೆಟ್ಟು ತಂಪು ಕೋಣೆಯಲ್ಲಿ ಕನಿಷ್ಠ ನಾಲ್ಕೈದು ಗಂಟೆ ಇರಬೇಕು. 4 ಡಿಗ್ರಿಯ ಕೋಲ್ಡ್ ರೂಮ್ ಸಿಕ್ಕಿದರೆ ಉತ್ತಮ, ಇಲ್ಲದಿದ್ದರೆ ಎ.ಸಿ.ಯ 18 ಡಿಗ್ರಿಯಲ್ಲೂ ನಡೆಯುತ್ತದೆ.

ಪ್ಯಾಕಿಂಗ್ ಪೂರ್ತಿ ಒಣ. ಒದ್ದೆ ಪೇಪರು ಸುತ್ತಿದರೆ ತಂಪಿರುತ್ತದೆ ಎನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಒದ್ದೆ ಎಂಟು ಗಂಟೆ ಕೂತರೆ ಎಸಳಿನ ಮೇಲೆ ಕಂದು ಚುಕ್ಕೆ ಏಳುತ್ತದೆ, ಮಳೆಗಾಲದಲ್ಲಿ ಬೂದು ಬೂಷ್ಟೇ ಬರುತ್ತದೆ. ನೀರಿನಿಂದ ತೆಗೆದ ಮೇಲೆ ಎಲೆಯ ಪಸೆ ಆರುವ ತನಕ, ಸುಮಾರು ಅರ್ಧ ಗಂಟೆ, ಬಿಟ್ಟು ಒಣ ಪೇಪರಿನಲ್ಲಿ ಸುತ್ತಬೇಕು.

ಪೆಟ್ಟಿಗೆಯ ಒಳಗೆ ಬಂಚುಗಳ ತಲೆ ಎರಡೂ ಕಡೆಗೆ ಬರುವಂತೆ ಜೋಡಿಸಿ, ತಲೆಗೂ ರಟ್ಟಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡುತ್ತೇವೆ. ಜಾಗ ಬಿಟ್ಟರೆ ಮುಗಿಯಲಿಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲಿ ಬಂಚು ಜಾರಿ ಹೋಗಿ ಆ ಜಾಗ ತುಂಬಿಸಿ ತಲೆ ಜಜ್ಜಿಕೊಳ್ಳುತ್ತದೆ. ಇದಕ್ಕೆ ಮದ್ದು ಒಂದು ಮರದ ರೀಪು, ಅಂದರೆ ತೆಳು ಪಟ್ಟಿ. ಪೆಟ್ಟಿಗೆಯ ಅಗಲಕ್ಕೆ ಸರಿಯಾಗಿ ಕತ್ತರಿಸಿ, ದಂಟುಗಳ ನಡುಭಾಗದ ಮೇಲೆ ಅಡ್ಡ ಒತ್ತಿ, ರಟ್ಟಿನ ಹೊರಗಿನಿಂದ ಎರಡೂ ತುದಿಗೆ ಮೊಳೆ ಹೊಡೆಯುವುದು. ಪೇಪರಿನ ಒಂದು ಮಡಿಕೆ ರೀಪಿನ ಕೆಳಗೆ ಇರಲಿ. ಹತ್ತು ರೂಪಾಯಿಯ ಈ ತುಂಡು ಬಂದ ಮೇಲೆ ಜಜ್ಜಿದ ಹೂವಿನ ಲೆಕ್ಕ ಪೆಟ್ಟಿಗೆಗೆ ಹದಿನೈದಿಪ್ಪತ್ತರಿಂದ ಎರಡು ಮೂರಕ್ಕೆ ಇಳಿದಿದೆ. ಬೇಸಿಗೆಯಲ್ಲಿ ಒಂದು ಲೀಟರಿನ ಎರಡು ಬಾಟಲಿ ನೀರು ಫ್ರೀಜರಿನಲ್ಲಿ ಗಟ್ಟಿ ಮಾಡಿ, ದಪ್ಪ ಪೇಪರಿನಲ್ಲಿ ಸುತ್ತಿ ನಡುವೆ ದಂಟಿನ ಭಾಗದಲ್ಲಿ ಕಟ್ಟಿಡುತ್ತೇವೆ. ಬಾಟಲಿ ಎಸಳಿಗೆ ತಾಗಿದರೆ ತಾಗಿದಷ್ಟೂ ಗಾಜಿನಂತಾಗಿ ಮರುದಿನ ಕಪ್ಪಾಗುತ್ತದೆ.

ಸರಕಾರಿ ಬಸ್ಸಿನ ಪಾರ್ಸೆಲ್ ಸೇವೆ ‘ನಮ್ಮ ಕಾರ್ಗೋ’ ಆಗಲಿ ಖಾಸಗಿ ಸ್ಲೀಪರ್ ಆಗಲಿ, ಕೇಳಬೇಕಾದ ಪ್ರಶ್ನೆ ಒಂದೇ: ಡಿಕ್ಕಿಯಲ್ಲಿ ಎಲ್ಲಿ ಇಡುತ್ತೀರಿ? ಹಿಂದೆ ಎಂಜಿನ್ ಇರುವ ಬಸ್ಸಾದರೆ ಮುಂದಿನ ಡಿಕ್ಕಿಯೇ ಆಗಬೇಕು. ಕ್ಲೀನರಿಗೆ ಐವತ್ತು ರೂಪಾಯಿ ಕೈಯಲ್ಲಿ ಇಡುವುದು ಇಡೀ ವ್ಯವಹಾರದಲ್ಲಿ ಅತಿ ಲಾಭದ ಖರ್ಚು. ಇನ್ನೊಂದು ಅಪಾಯ ಹಣ್ಣು. ಏಪ್ರಿಲ್, ಮೇಯಲ್ಲಿ ಡಿಕ್ಕಿ ತುಂಬ ಮಾವು, ಬಾಳೆ, ಹಲಸು. ಹಣ್ಣು ಬಿಡುವ ಎಥಿಲೀನ್ ಅನಿಲ ಗುಲಾಬಿಗಿಂತ ಕಾರ್ನೇಷನ್ ಹೂವಿಗೆ ದೊಡ್ಡ ಶತ್ರು. ಎಸಳು ಒಳಕ್ಕೆ ಮಡಚಿಕೊಂಡು ಹೂ ಮಲಗಿಬಿಡುತ್ತದೆ, ಮತ್ತೆ ಏಳಿಸುವ ದಾರಿ ಇಲ್ಲ. ಹಾಗಾಗಿ ಮಾವಿನ ಕಾಲ ಮುಗಿಯುವ ತನಕ ಕಾರ್ನೇಷನ್ ತರಿಸುವುದಿಲ್ಲ.

ಬೆಳಿಗ್ಗೆ ಆರರ ಹೊತ್ತಿಗೆ ಪೆಟ್ಟಿಗೆ ಸುಳ್ಯದಲ್ಲಿ ಇಳಿಯುತ್ತದೆ. ಪೇಪರ್ ಬಿಚ್ಚದೆ, ತುದಿ ಮತ್ತೊಮ್ಮೆ ಕತ್ತರಿಸಿ, ಉಗುರು ಬೆಚ್ಚಗಿನ ನೀರಿಗೆ ಇಡಬೇಕು. ಇಲ್ಲಿ ಸಕ್ಕರೆ ಬರುತ್ತದೆ: ಲೀಟರಿಗೆ 20 ಗ್ರಾಂ, ಮತ್ತದೇ ಸಿಟ್ರಿಕ್ ಆಸಿಡ್. ಪೇಪರಿನ ಬಿಗಿ ಇರುವಾಗಲೇ ನೀರು ಮೇಲೇರಿದರೆ ಕುತ್ತಿಗೆ ನೆಟ್ಟಗೆ ನಿಲ್ಲುತ್ತದೆ, ಬಗ್ಗಿದ ಮೇಲೆ ನೀರೇರಿದರೆ ಬಗ್ಗಿದ ಹಾಗೆಯೇ ಗಟ್ಟಿಯಾಗುತ್ತದೆ. ಒಂದೂವರೆ ಗಂಟೆ ಸಾಕು. ಅಷ್ಟಾದರೂ ಬಗ್ಗಿದ್ದು ಸಿಕ್ಕಿದರೆ ಪೇಪರಿನಲ್ಲಿ ನೆಟ್ಟಗೆ ಸುತ್ತಿ, ಹೂ ಸಮೇತ ಇಡೀ ಕಡ್ಡಿಯನ್ನು ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಹತ್ತರಲ್ಲಿ ಏಳಾದರೂ ಏಳುತ್ತವೆ. ಆ ಏಳು ನಾನು ಮಾರುವುದಿಲ್ಲ, ಅಂಗಡಿಯ ಎದುರಿಗೆ ಇಡುತ್ತೇನೆ.

ಬೊಕ್ಕೆಯ ಕಡ್ಡಿ ಚುಚ್ಚಿ ನಿಲ್ಲಿಸುವ, ನೀರು ಹೀರುವ ಫೋಮಿನ ಬಗ್ಗೆ ಎರಡು ಮಾತು. ಇಟ್ಟಿಗೆಯಂಥ ಆ ತುಂಡನ್ನು ನೀರಿನ ಮೇಲೆ ಸುಮ್ಮನೆ ಬಿಡಿ, ತಾನಾಗಿ ಮುಳುಗಲಿ. ಕೈಯಲ್ಲಿ ಒತ್ತಿದರೆ ಹೊರಗೆ ಒದ್ದೆ, ಒಳಗೆ ಒಣ, ಆ ಒಣಭಾಗಕ್ಕೆ ಚುಚ್ಚಿದ ಹೂ ಸಂಜೆಗೇ ಹೋಗುತ್ತದೆ. ಒಮ್ಮೆ ಚುಚ್ಚಿದ ಕಡ್ಡಿಯನ್ನು ಸ್ವಲ್ಪ ಎಳೆದು ಸರಿಮಾಡಲೂಬಾರದು, ತುದಿಯ ಕೆಳಗೆ ಪೊಳ್ಳು ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತುವುದನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಪೂರ್ತಿ ನಿಲ್ಲಿಸಿದ್ದೇನೆ. ಒಳಗೆ ಬೆವರಿ ಹೂ ಕೊಳೆಯುತ್ತದೆ.

ದುಡ್ಡಿನ ವಿಷಯ. ಲೆಕ್ಕ ಬಾಯಿಗೆ ಬಂದಷ್ಟು ಹೇಳುತ್ತೇನೆ. ಬಂಚು ಸಾಮಾನ್ಯ ದಿನಗಳಲ್ಲಿ 150ರಿಂದ 250. ಹನ್ನೆರಡು ಹೂವಿನ ಬೊಕ್ಕೆಗೆ ಹೂವಿನ ಪಾಲು 140 ಆದೀತು, ಬಸ್ಸು ಮತ್ತು ಹುಡುಗನ ಕೂಲಿ 50, ಫೋಮು, ಪೇಪರು, ರಿಬ್ಬನ್ 70, ಹಾಳಾಗುವ ಹೂವಿಗೆ 40, ತಲುಪಿಸುವ ಪೆಟ್ರೋಲು ಮತ್ತು ಆಳು 150ರ ಮೇಲೆ. 750ಕ್ಕೆ ಕೊಟ್ಟರೆ ಇನ್ನೂರೈವತ್ತು-ಮುನ್ನೂರು ಉಳಿಯುತ್ತದೆ, ಅದೂ ಒಂದು ಪೆಟ್ಟಿಗೆಯಲ್ಲಿ ಎಂಟು ಹತ್ತು ಆರ್ಡರ್ ಸೇರಿದರೆ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಪೆಟ್ಟಿಗೆ ತರಿಸಬಾರದು. ಫೆಬ್ರವರಿ ಎರಡನೇ ವಾರ ಬಂಚಿಗೆ ಐನೂರು ಆರುನೂರು ಆಗುತ್ತದೆ. ಆಗ ಹಳೆಯ ಗಿರಾಕಿಗಳಿಗೆ ಮಾತ್ರ, ಮೊದಲೇ ಪೂರ್ತಿ ಹಣ ಬಂದಿದ್ದರೆ ಮಾತ್ರ. ಉಳಿದವರಿಗೆ ಕೊಡಗಿನ ಆಂಥೂರಿಯಂ ಹೂ ತೋರಿಸುತ್ತೇನೆ.

ಹಣ ನಿಜವಾಗಿ ಸೋರುವುದು ವಿಳಾಸದಲ್ಲಿ. ಇಲ್ಲಿ ಮನೆಗೆ ನಂಬರಿಲ್ಲ, ಮನೆಹೆಸರು ಇದೆ, ಅದೇ ಹೆಸರಿನ ಮನೆ ಪಕ್ಕದ ಗ್ರಾಮದಲ್ಲೂ ಇರುತ್ತದೆ. ಮುಖ್ಯರಸ್ತೆಯಿಂದ ಎರಡು ಕಿಲೋಮೀಟರ್ ತೋಟದೊಳಗೆ ಹೋಗಬೇಕು, ನೆಟ್‌ವರ್ಕ್ ಇರುವುದಿಲ್ಲ. ಕಳಿಸುವವನಿಗೆ ಸರ್‌ಪ್ರೈಸ್ ಬೇಕು, ನಮಗೆ ಮನೆಯವರ ಫೋನ್ ನಂಬರ್ ಬೇಕು. ಈಗ ನಾನು ಕೇಳುವುದು ಪಕ್ಕದ ಮನೆಯವರ ನಂಬರ್, ಮತ್ತು ಹಾಲಿನ ಸೊಸೈಟಿಯೋ ಶಾಲೆಯೋ ಯಾವುದಕ್ಕೆ ಹತ್ತಿರ ಎನ್ನುವುದು. ಆ ದಾರಿಯ ಆಟೊದವರಿಗೆ ಮನೆಹೆಸರು ಹೇಳಿದರೆ ಯಾವ ಮ್ಯಾಪಿಗಿಂತಲೂ ಸರಿಯಾಗಿ ಹೋಗುತ್ತಾರೆ. ತಲುಪಿಸುವುದಕ್ಕೆ ಗಿರಾಕಿಯಿಂದ ಪೇಟೆಯೊಳಗೆ 50 ರೂಪಾಯಿ, ಆಚೆಗೆ ಕಿಲೋಮೀಟರ್ ಲೆಕ್ಕ. ಡೆಲಿವರಿ ಫ್ರೀ ಎಂದು ಬೋರ್ಡು ಹಾಕಿದರೆ ಸುಬ್ರಹ್ಮಣ್ಯದ ಕಡೆಯ ಎರಡೇ ಆರ್ಡರಿನಲ್ಲಿ ಆ ದಿನದ ಲಾಭ ಮುಗಿಯುತ್ತದೆ.

ಮಲ್ಲಿಗೆಯದ್ದು ಬೇರೆಯೇ ಶಾಸ್ತ್ರ. ಅರವತ್ತು ದಾಟಿದ ಅಮ್ಮಂದಿರಿಗೆ ಗುಲಾಬಿಗಿಂತ ಒಂದು ಚೆಂಡು ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯೇ ಹೆಚ್ಚು. ಸುಮಾರು ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎನ್ನುವುದು ಅಲ್ಲಿನ ಲೆಕ್ಕ. ದರ ಆಯಾ ದಿನ ಅಲ್ಲಿ ನಿಗದಿಯಾದ ಮೇಲೆ ಹೂ ಹೊರಡುತ್ತದೆ, ಮಂಗಳೂರು, ಪುತ್ತೂರು ದಾಟಿ ಸಂಜೆಗೆ ನನ್ನ ಕೈಗೆ. ಅಟ್ಟೆ ಎರಡು ಸಾವಿರ ದಾಟುವ ದಿನವೂ ಇದೆ, ಅದರ ಕಾಲು ಭಾಗಕ್ಕೆ ಇಳಿಯುವ ದಿನವೂ ಇದೆ. ಹಾಗಾಗಿ ಮಲ್ಲಿಗೆಗೆ ನಾನು ಮುಂಚಿತವಾಗಿ ದರ ಹೇಳುವುದಿಲ್ಲ, ಮೇಲ್ಮಿತಿ ಒಂದನ್ನು ಒಪ್ಪಿಸಿಕೊಂಡು ಮಿಕ್ಕಿದ್ದು ವಾಪಸ್ ಕೊಡುತ್ತೇನೆ. ಇದರಿಂದಲೇ ಗಿರಾಕಿಗಳು ಬಿಟ್ಟುಹೋಗದೆ ಉಳಿದದ್ದು.

ಮಲ್ಲಿಗೆಗೆ ನೀರು ಚಿಮುಕಿಸಬಾರದು. ಹನಿ ಕೂತ ಮೊಗ್ಗಿಗೆ ಬೆಳಗಾಗುವಾಗ ಕಂದು ಕಲೆ. ಮರುದಿನ ಬೆಳಿಗ್ಗೆಗೆ ಕೊಡಬೇಕಾದರೆ ಬೆಂಕಿಯಲ್ಲಿ ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ (ಹಸಿ ಎಲೆ ಸೀಳುತ್ತದೆ), ಬಾಳೆನಾರಿನಿಂದ ಕಟ್ಟಿ, ಹೊರಗಿನಿಂದ ಮಾತ್ರ ಒದ್ದೆ ಬಟ್ಟೆ. ಫ್ರಿಜ್ ಆದರೆ ತರಕಾರಿ ಇಡುವ ಕೆಳಖಾನೆ, ಮೇಲಿನ ತಟ್ಟೆಯಲ್ಲಿ ಅಲ್ಲ. ಮೊಗ್ಗು ಸಂಜೆ ಏಳೆಂಟಕ್ಕೆ ಬಿರಿಯುವುದನ್ನು ಒಂದು ರಾತ್ರಿ ತಡೆಹಿಡಿಯುವ ಉಪಾಯವೂ ಇದೆ. ಅದು ನನಗೆ ಹೂ ಕೊಡುವವರ ಗುಟ್ಟು, ನನ್ನದಲ್ಲ, ಹೇಳುವ ಹಕ್ಕಿಲ್ಲ.

ಪ್ರಯೋಗಗಳಿಗೆ ಕೊರತೆಯಿಲ್ಲ. ಸಿಟ್ರಿಕ್ ಆಸಿಡ್ ಬದಲು ನಿಂಬೆರಸ ನಡೆಯುತ್ತದೆ, ಸೋಸದಿದ್ದರೆ ನೀರು ಬೇಗ ಲೋಳೆಯಾಗುತ್ತದೆ. ಸಕ್ಕರೆ ಇದೆಯಲ್ಲ ಎಂದು ಎಳನೀರಿನಲ್ಲಿ ಇಟ್ಟು ನೋಡಿದ್ದೂ ಆಯಿತು: ಮೊದಲ ದಿನ ಹೂ ಭರ್ಜರಿ, ಮರುದಿನ ನೀರು ಹುಳಿ ವಾಸನೆ, ದಂಟಿನ ತುದಿ ಕಪ್ಪು. ಮಲ್ಲಿಗೆಗೆ ಬೋರಿಕ್ ಆಸಿಡ್ ದ್ರಾವಣದ ಉಪಚಾರ ತಮಿಳುನಾಡಿನ ರಫ್ತಿನವರು ಬಲ್ಲರು, ಕೆಲಸವೂ ಮಾಡುತ್ತದೆ, ಆದರೆ ದೇವರಿಗೂ ಮುಡಿಗೂ ಹೋಗುವ ಹೂವಿಗೆ ಅದು ಬೇಡ ಎಂದು ಬಿಟ್ಟೆ. ಜರ್ಬೆರಾ ಹೂವಿಗೆ ಎರಡಿಂಚು ನೀರು ಸಾಕು, ಹೆಚ್ಚಾದರೆ ಅದರ ರೋಮದ ದಂಟು ಕೊಳೆಯುತ್ತದೆ.

ಗೆದ್ದ ಪ್ರಯೋಗ ಒಂದೇ, ಆಂಥೂರಿಯಂ ಮತ್ತು ಅಡಿಕೆಯ ಹೂಗೊಂಚಲಾದ ಹಿಂಗಾರ. ಕೊಡಗಿನ ತೋಟಗಳಲ್ಲಿ ಬೆಳೆಯುವ ಆಂಥೂರಿಯಂ ಮಡಿಕೇರಿಯಿಂದ ಬೆಳಗಿನ ಬಸ್ಸಿಗೆ ಎರಡು ಗಂಟೆಯೊಳಗೆ ಇಲ್ಲಿಗೆ ಬರುತ್ತದೆ. ಅದಕ್ಕೆ ತಂಪು ಆಗದು, 12-13 ಡಿಗ್ರಿಗಿಂತ ಕೆಳಗೆ ಹೋದರೆ ಹೂ ನೀಲಿ ಕಪ್ಪಾಗುತ್ತದೆ, ಹಾಗಾಗಿ ಗಟ್ಟಿ ಮಾಡಿದ ಬಾಟಲಿ, ಫ್ರಿಜ್ ಎರಡೂ ನಿಷಿದ್ಧ. ಐದು ಕೆಂಪು ಆಂಥೂರಿಯಂ ಹಿಂದೆ ಆಗಷ್ಟೇ ಹಾಳೆ ಬಿಡಿಸಿದ ಅಡಿಕೆಯ ಹಿಂಗಾರ ಇಟ್ಟರೆ ಬೆಂಗಳೂರಿನ ಯಾವ ಅಂಗಡಿಯಲ್ಲೂ ಅಂಥದ್ದಿಲ್ಲ. ಆಂಥೂರಿಯಂ ಹತ್ತು ದಿನ ಇರುತ್ತದೆ, ಹಿಂಗಾರವನ್ನು ಮೂರನೇ ದಿನ ತೆಗೆದುಬಿಡಲು ಹೇಳುತ್ತೇನೆ. ಇದರಲ್ಲಿ ಉಳಿಯುವ ಹಣ ಗುಲಾಬಿಯ ಒಂದೂವರೆ ಪಟ್ಟು.

ಸಾವಿನ ಮನೆಯ ಆರ್ಡರಿಗೆ ಬಸ್ಸು ಕಾಯಲಿಕ್ಕಾಗುವುದಿಲ್ಲ. ಅದಕ್ಕೆ ಪುತ್ತೂರಿನಿಂದ ಸೇವಂತಿಗೆ ತರಿಸಿ ಹಾರ ಮಾಡಿ ಕೊಡುತ್ತೇನೆ. ಹಣದ ಮಾತು ಆಮೇಲೆ, ಬಾಕಿ ಉಳಿದದ್ದು ಈ ತನಕ ಇಲ್ಲ.

ಪ್ರತಿ ಬೊಕ್ಕೆಯ ಜೊತೆ ಕನ್ನಡದಲ್ಲಿ ಅಚ್ಚು ಹಾಕಿಸಿದ ಚೀಟಿ ಹೋಗುತ್ತದೆ: ದಿನಾ ಬೆಳಿಗ್ಗೆ ಫೋಮಿಗೆ ಒಂದು ಲೋಟ ನೀರು ಎರೆಯಿರಿ, ಫ್ಯಾನಿನ ಕೆಳಗೆ ಬೇಡ, ಕಿಟಕಿಯ ಬಿಸಿಲಿಗೆ ಬೇಡ, ಹಣ್ಣಾಗುತ್ತಿರುವ ಬಾಳೆಗೊನೆ ತೂಗುಹಾಕಿದ ಕೋಣೆಯಲ್ಲಂತೂ ಬೇಡವೇ ಬೇಡ. ನಾಳೆ ತಲುಪಬೇಕಾದ ಗುಲಾಬಿಯ ಆರ್ಡರನ್ನು ಇಂದು ಬೆಳಿಗ್ಗೆ ಎಂಟರ ನಂತರ ತೆಗೆದುಕೊಳ್ಳುವುದಿಲ್ಲ, ಆಂಥೂರಿಯಂ ಆದರೆ ರಾತ್ರಿ ಒಂಬತ್ತರ ತನಕ ಹೇಳಬಹುದು.