ಅಪ್ಪನ ಕೋವಿ ನಿಮ್ಮ ಹೆಸರಿಗೆ ಬರಬೇಕಾದರೆ

ಮನೆಯ ಯಜಮಾನರು ತೀರಿಕೊಂಡಾಗ ಪಹಣಿ ನೆನಪಾಗುತ್ತದೆ, ಬ್ಯಾಂಕ್ ಖಾತೆ ನೆನಪಾಗುತ್ತದೆ, ಸೊಸೈಟಿಯ ಸಾಲ ನೆನಪಾಗುತ್ತದೆ. ಕೋಣೆಯ ಮೂಲೆಯಲ್ಲಿರುವ ಕೋವಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ವೈಕುಂಠ ಸಮಾರಾಧನೆ ಮುಗಿಯುತ್ತದೆ, ಅಡಿಕೆ ಕೊಯ್ಲು ಮುಗಿಯುತ್ತದೆ, ಒಂದು ಮಳೆಗಾಲವೂ ಕಳೆಯುತ್ತದೆ. ಕೊನೆಗೊಂದು ದಿನ ಚುನಾವಣೆ ಘೋಷಣೆಯಾಗಿ, ಕೋವಿ ತಂದು ಒಪ್ಪಿಸಿ ಎಂದು ಠಾಣೆಯಿಂದ ಫೋನ್ ಬಂದಾಗ ಮಗ ಹೇಳುತ್ತಾನೆ: "ಅಪ್ಪ ಹೋಗಿ ಎರಡು ವರ್ಷವಾಯಿತಲ್ಲ."

ಆ ಎರಡು ವರ್ಷವೂ ಅವನ ಮನೆಯಲ್ಲಿದ್ದದ್ದು ಪರವಾನಗಿಯಿಲ್ಲದ ಬಂದೂಕು. ಕೋವಿಯ ಪರವಾನಗಿ ವ್ಯಕ್ತಿಗೆ ಸಿಗುವಂಥದ್ದು. ಆ ವ್ಯಕ್ತಿಯೊಂದಿಗೇ ಅದು ಮುಗಿಯುತ್ತದೆ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸ. ಹಂದಿಯ ಕಾಟದಿಂದ ಗದ್ದೆ ಉಳಿಸಿಕೊಳ್ಳಲು ಹೆಣಗುವ ರೈತ ಇಂಥ ಪ್ರಕರಣದಲ್ಲಿ ಸಿಕ್ಕಿಕೊಳ್ಳುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಇದನ್ನು ಬರೆಯಲು ಆ ಸಂಕಟವೇ ಕಾರಣ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. "ಆಯುಧ ಇಟ್ಟುಕೊಳ್ಳುವುದು ನಮ್ಮ ಹಕ್ಕು" ಎಂಬ ಮಾತು ಅಮೆರಿಕದ್ದು. ಅಲ್ಲಿ 1791ರಲ್ಲೇ ಅದು ಸಂವಿಧಾನದ ಎರಡನೇ ತಿದ್ದುಪಡಿಯಾಗಿ ಸೇರಿಕೊಂಡಿತು. ನಮ್ಮ ಸಂವಿಧಾನದಲ್ಲಿ ಅಂಥ ಮೂಲಭೂತ ಹಕ್ಕು ಇಲ್ಲ. ಆದರೆ ಕೋವಿ ಪರವಾನಗಿ ಅಧಿಕಾರಿಯ ದಯೆಯಿಂದ ಸಿಗುವ ವರವೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮನ್ನು ಓದಿ. ನಿಜವಾದ ಬೆಳೆ ರಕ್ಷಣೆಗೆ ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು) ಕೇಳಿದ ನಾಗರಿಕನಿಗೆ ಪರವಾನಗಿ "ನೀಡತಕ್ಕದ್ದು" ಎಂದಿದೆ, "ನೀಡಬಹುದು" ಎಂದಲ್ಲ. ರಕ್ಷಣೆಗಾಗಿ ಕೇಳುವ, ನಳಿಗೆ ಇಪ್ಪತ್ತು ಇಂಚಿಗಿಂತ ಕಡಿಮೆಯಿಲ್ಲದ ನಯನಳಿಗೆಯ (ಒಳಗೆ ಸುರುಳಿ ಗೀರುಗಳಿಲ್ಲದ) ಬಂದೂಕಿಗೂ ಅದೇ ಮಾತು. ನಿರಾಕರಿಸಲು 14ನೇ ಕಲಮಿನಲ್ಲಿ ಕಾರಣಗಳಿವೆ. ಆದರೆ ಆಸ್ತಿ ಸಾಲದು ಎಂಬುದೊಂದನ್ನೇ ಕಾರಣ ಮಾಡುವಂತಿಲ್ಲ ಎಂದೂ ಅಲ್ಲೇ ಬರೆದಿದೆ. ಕೌಂಟರಿನಲ್ಲಿ "ಇಷ್ಟು ಎಕರೆ ಇಲ್ಲದಿದ್ದರೆ ಆಗುವುದಿಲ್ಲ" ಎಂಬ ಮಾತು ಬಂದರೆ ತಲೆ ತಗ್ಗಿಸಿ ವಾಪಸು ಬರಬೇಡಿ. ಅದನ್ನು ಬರಹದಲ್ಲಿ ಕೊಡಿ ಎಂದು ಕೇಳಿ.

ಹೆಜ್ಜೆ 1: ಕೋವಿಯನ್ನು ಠೇವಣಿ ಇಡಿ

ಸಾವಿನ ಮನೆಯಲ್ಲಿ ಇದು ಕಷ್ಟದ ಮಾತು ಎಂದು ಗೊತ್ತು. ಆದರೂ ಮೊದಲ ವಾರದಲ್ಲೇ ಆಗಬೇಕು. ಇಟ್ಟುಕೊಳ್ಳುವುದು ಕಾನೂನುಬದ್ಧವಲ್ಲದ ಸ್ಥಿತಿ ಬಂದ ಆಯುಧವನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಾಗಲಿ ಇಡಬೇಕು ಎಂದು 21ನೇ ಕಲಮು ಹೇಳುತ್ತದೆ. ಎರಡರಲ್ಲಿ ನನ್ನ ಆಯ್ಕೆ ಅಂಗಡಿ. ತಿಂಗಳಿಗೆ ಬಾಡಿಗೆ ಕೊಡಬೇಕಾಗುತ್ತದೆ, ಕೊಡಿ. ಠಾಣೆಯ ದಾಸ್ತಾನು ಕೋಣೆಯಲ್ಲಿ ಎರಡು ಮಳೆಗಾಲ ಕಳೆದ ಕೋವಿಗಳ ನಳಿಗೆಯೊಳಗೆ ತುಕ್ಕು ಚಕ್ಕೆಯಾಗಿ ಏಳುವುದನ್ನು ಕಂಡಿದ್ದೇನೆ.

ಹಳೆಯ ಕೇಪಿನ ಕೋವಿಯಾದರೆ ಒಳಗೆ ಈಡು ಇದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಅಪ್ಪ ಹಂದಿ ಕಾಯಲು ತುಂಬಿ ಇಟ್ಟಿದ್ದು ಹಾಗೆಯೇ ಇರಬಹುದು. ಗಜ (ಮದ್ದು ಜಡಿಯುವ ಸರಳು) ಹಾಕಿ ಕುಟ್ಟುವುದು, ಕೆದಕುವುದು, ಬಿಸಿಲಿಗೆ ಒಣಗಿಸುವುದು ಯಾವುದನ್ನೂ ಮಾಡಬೇಡಿ. ತುಂಬಿರಬಹುದು ಎಂದು ಮೊದಲೇ ಹೇಳಿ, ಬಲ್ಲವರ ಕೈಯಲ್ಲಿ ತೆಗೆಸಿ. ಇನ್ನೊಂದು: ಪರವಾನಗಿಯಿಲ್ಲದ ನೀವು ಕೋವಿಯನ್ನು ಬೈಕಿಗೆ ಕಟ್ಟಿಕೊಂಡು ಪೇಟೆಗೆ ಹೊರಡಬೇಡಿ. ಠಾಣೆಗೆ ಫೋನ್ ಮಾಡಿ, ಮರಣದ ವಿಷಯ ತಿಳಿಸಿ, ಬರಹದಲ್ಲೂ ಕೊಟ್ಟು, ಅವರು ಹೇಳಿದ ರೀತಿಯಲ್ಲಿ ಒಯ್ಯಿರಿ. ತೋಟೆ (ಕಾರ್ಟ್ರಿಜ್), ಕೇಪು, ಮದ್ದು ಉಳಿದಿದ್ದರೆ ಅದೂ ಜೊತೆಗೇ ಹೋಗಬೇಕು.

ಹೆಜ್ಜೆ 2: ನಂಬರು ಹೊಂದಿಸಿ

ನಾನು ನೋಡಿದ ಕಡತಗಳಲ್ಲಿ ಹೆಚ್ಚಿನವು ಮುಗ್ಗರಿಸಿದ್ದು ಇಲ್ಲಿ. ಇದಕ್ಕೆ ಒಂದು ಇಡೀ ದಿನ ಕೊಡಿ.

ಪ್ರತಿ ಕೋವಿಗೂ ಒಂದು ಸಂಖ್ಯೆ ಇರುತ್ತದೆ. ತೋಟೆ ಕೋವಿಯಲ್ಲಿ ಅದನ್ನು ನಳಿಗೆಯ ಬುಡದಲ್ಲಿ, ಮಡಚುವ ಭಾಗದ ಕೆಳಗೆ, ಮುಂಗೈ ಮರದ ಒಳಗಿನ ಕಬ್ಬಿಣದ ಮೇಲೆ ಹುಡುಕಿ. ಕೇಪಿನ ಕೋವಿಯಲ್ಲಿ ನಳಿಗೆಯ ಮೇಲೆ ಅಚ್ಚೊತ್ತಿದ ಸಂಖ್ಯೆ ಎಣ್ಣೆ, ಮಸಿ, ತುಕ್ಕಿನಡಿ ಮುಚ್ಚಿಹೋಗಿರುತ್ತದೆ. ಮೂವತ್ತು ವರ್ಷಗಳ ಹಿಂದೆ ಯಾರೋ ಗುಮಾಸ್ತರು ಅದನ್ನು ಪರವಾನಗಿ ಪುಸ್ತಕಕ್ಕೆ ಕೈಯಲ್ಲಿ ಬರೆದಿರುತ್ತಾರೆ. 3 ಎಂಬುದು 8 ಆಗಿರುತ್ತದೆ, 1 ಎಂಬುದು 7 ಆಗಿರುತ್ತದೆ, ಮುಂದಿನ ಇಂಗ್ಲಿಷ್ ಅಕ್ಷರ ಬಿಟ್ಟೇ ಹೋಗಿರುತ್ತದೆ. ನವೀಕರಣದ ಪ್ರತಿ ಸಲವೂ ಹಳೆಯ ತಪ್ಪನ್ನೇ ನೋಡಿ ಹೊಸ ಪುಟಕ್ಕೆ ಇಳಿಸಿರುತ್ತಾರೆ. ಅಪ್ಪ ಬದುಕಿರುವವರೆಗೆ ಯಾರೂ ಹೋಲಿಸಿ ನೋಡಿರುವುದಿಲ್ಲ. ನಿಮ್ಮ ಅರ್ಜಿ ಹೋದ ಮೇಲೆ ಪೊಲೀಸರು ಬಂದು ಕೋವಿಯ ಮೇಲಿನ ಸಂಖ್ಯೆಯನ್ನೇ ವರದಿಯಲ್ಲಿ ಬರೆಯುತ್ತಾರೆ. ಎರಡೂ ತಾಳೆಯಾಗದಿದ್ದರೆ ಕಡತದ ಮೇಲೆ ಬೀಳುವ ಟಿಪ್ಪಣಿ ಒಂದೇ: ಪರವಾನಗಿಯಲ್ಲಿರುವ ಕೋವಿ ಇದಲ್ಲ. ಅಲ್ಲಿಂದ ಮುಂದೆ ಎಷ್ಟು ಸಲ ಬಸ್ ಹತ್ತಿದರೂ ಕಡತ ಅಲುಗುವುದಿಲ್ಲ.

ಆದ್ದರಿಂದ ಠೇವಣಿ ಇಡುವ ದಿನ, ಠಾಣೆಯವರ ಅಥವಾ ಅಂಗಡಿಯವರ ಎದುರಿನಲ್ಲೇ ಈ ಕೆಲಸ ಮುಗಿಸಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಸಂಖ್ಯೆ ಇರುವ ಜಾಗವನ್ನು ಮೆಲ್ಲಗೆ ಒರೆಸಿ. ಮರಳುಕಾಗದ ಬೇಡವೇ ಬೇಡ: ಅಂಕಿ ಸವೆದರೆ ಬೇಕೆಂದೇ ಅಳಿಸಿದ್ದೀರಿ ಎಂಬ ಅನುಮಾನ ಬರುತ್ತದೆ, ಆಯುಧದ ಗುರುತು ಅಳಿಸುವುದು ಪ್ರತ್ಯೇಕ ಅಪರಾಧ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಂಕಿಗಳ ನೆರಳು ಏಳುತ್ತದೆ, ಆಗ ಫೋಟೊ ತೆಗೆಯಿರಿ. ಅದೂ ಸಾಲದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಮಕ್ಕಳು ನಾಣ್ಯದ ಅಚ್ಚು ತೆಗೆಯುತ್ತಾರಲ್ಲ, ಹಾಗೆ. ಆ ಕಾಗದವನ್ನು ಜೋಪಾನವಾಗಿ ಇಡಿ.

ಸ್ವೀಕೃತಿ ಪತ್ರದಲ್ಲಿ "ಒಂದು ಕೋವಿ" ಎಂದು ಬರೆದು ಸಹಿ ಹಾಕಿ ಕೊಟ್ಟರೆ ಒಪ್ಪಿಕೊಳ್ಳಬೇಡಿ. ಕೇಪಿನದೋ ತೋಟೆಯದೋ, ಒಂಟಿ ನಳಿಗೆಯೋ ಜೋಡಿಯೋ, ನಳಿಗೆಯ ಉದ್ದ, ತಯಾರಕರ ಹೆಸರು, ಕೋವಿಯ ಮೇಲೆ ಕಾಣುವ ಸಂಖ್ಯೆ, ತೋಟೆಗಳ ಎಣಿಕೆ, ದಿನಾಂಕ, ಮೊಹರು ಎಲ್ಲವೂ ಇರಬೇಕು. ಸಂಖ್ಯೆಯಲ್ಲಿ ವ್ಯತ್ಯಾಸ ಕಂಡರೆ ಮುಚ್ಚಿಡಬೇಡಿ. ಹಳೆಯ ಪರವಾನಗಿ ಪುಸ್ತಕದ ಎಲ್ಲ ಪುಟಗಳ ನಕಲು, ಪೆನ್ಸಿಲ್ ಅಚ್ಚು, ಫೋಟೊ, ಸಿಕ್ಕಿದರೆ ಕೊಂಡಾಗಿನ ರಸೀದಿ ಇಷ್ಟನ್ನೂ ಸೇರಿಸಿ, ಕೈಬರಹದ ದೋಷ ಸರಿಪಡಿಸಿ ಎಂಬ ಪ್ರತ್ಯೇಕ ಮನವಿಯನ್ನು ಮುಖ್ಯ ಅರ್ಜಿಗಿಂತ ಮೊದಲೇ ಕೊಟ್ಟು ಹಿಂಬರಹ ಪಡೆಯಿರಿ. ನೀವೇ ಮೊದಲು ಹೇಳಿದ ತಪ್ಪು ತಿದ್ದುಪಡಿಯಾಗುತ್ತದೆ. ಅವರು ಕಂಡುಹಿಡಿದ ತಪ್ಪು ತನಿಖೆಯಾಗುತ್ತದೆ.

ಅಪ್ಪನ ಪರವಾನಗಿಗೆ, ದೇಶದ ಶಸ್ತ್ರ ಪರವಾನಗಿಗಳ ದಾಖಲೆಯಾದ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆ ಸಿಕ್ಕಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿ. ಒಳಗಿನ ಹಳ್ಳಿಗಳ ಎಷ್ಟೋ ವೃದ್ಧರಿಗೆ ಆ ಸಂಖ್ಯೆ ಬೇಕೆಂಬುದೇ ತಿಳಿದಿರಲಿಲ್ಲ.

ಹೆಜ್ಜೆ 3: ಮನೆಯವರ ಒಪ್ಪಿಗೆ

2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಡಿ ಮೃತರ ವಾರಸುದಾರರಿಗೆ ಪರವಾನಗಿ ನೀಡಲು ಅವಕಾಶವಿದೆ. ಮಗಳೂ ವಾರಸುದಾರಳೇ, ಹೆಂಡತಿಯೂ ವಾರಸುದಾರಳೇ. ಕೋವಿ ಗಂಡುಮಕ್ಕಳ ಸೊತ್ತು ಎಂದುಕೊಂಡು ಅಕ್ಕತಂಗಿಯರ ಸಹಿ ಬಿಟ್ಟ ಅರ್ಜಿ ಹಿಂದಕ್ಕೆ ಬರುತ್ತದೆ. ಅದು ಬರಬೇಕಾದದ್ದೇ. ನಾಡಕಚೇರಿಯಿಂದ ವಂಶವೃಕ್ಷ ತನ್ನಿ, ಅದರಲ್ಲಿರುವ ಪ್ರತಿಯೊಬ್ಬರಿಂದಲೂ ನಿರಾಕ್ಷೇಪಣಾ ಪ್ರಮಾಣಪತ್ರ ಬರೆಸಿ. ವಿದೇಶದಲ್ಲಿರುವ ತಮ್ಮನಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಸಹಿ ದೃಢೀಕರಿಸಿ ಕಳುಹಿಸಲಿ. ವಾಟ್ಸ್‌ಆ್ಯಪಿನಲ್ಲಿ ಬಂದ ಫೋಟೊ ನಡೆಯುವುದಿಲ್ಲ. ಪೇಟೆಯಲ್ಲಿ ಸಿಗುವ ಸಿದ್ಧ ಅಫಿಡವಿಟ್ಟನ್ನು ಕೊಳ್ಳಬೇಡಿ. ನಾನು ನೋಡಿದ ಒಂದರಲ್ಲಿ ಕೋವಿಯ ಜಾಗದಲ್ಲಿ "ಸದರಿ ವಾಹನ" ಎಂದೇ ಉಳಿದಿತ್ತು.

ಹೆಜ್ಜೆ 4: ತರಬೇತಿ ಮತ್ತು ವೈದ್ಯಕೀಯ ಪತ್ರ

ವೈದ್ಯಕೀಯ ಪತ್ರವನ್ನು ನಿಗದಿತ ನಮೂನೆಯಲ್ಲೇ ಪಡೆಯಿರಿ. ತರಬೇತಿಗೆ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೇ ಹೋಗಿ. ಹೋಗದೆಯೇ ಪ್ರಮಾಣಪತ್ರ ತರಿಸಿಕೊಡುತ್ತೇವೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಚಿಕ್ಕಂದಿನಿಂದ ಕೋವಿ ನೋಡಿದ್ದೇನೆ ಎಂಬ ಧೈರ್ಯವೇ ಅಪಾಯ. ಬೇಲಿ ದಾಟುವಾಗ ಕೋವಿಯ ಕುದುರೆ (ಈಡು ಸಿಡಿಸುವ ಕೀಲು) ಬಿಚ್ಚಿಡದ ಅಭ್ಯಾಸ ಅಪ್ಪನಿಂದಲೇ ಬಂದಿರುತ್ತದೆ.

ಹೆಜ್ಜೆ 5: ಅರ್ಜಿ, ವರದಿ, ಅರಣ್ಯ

ಅರ್ಜಿ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ. ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರಿಗೆ. ಬೆಳೆ ರಕ್ಷಣೆಗಾದರೆ ಪಹಣಿ ಲಗತ್ತಿಸಿದರಷ್ಟೇ ಸಾಲದು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ, ಯಾವ ತಿಂಗಳು ಯಾವ ಪ್ರಾಣಿ ಬರುತ್ತದೆ ಎಂದು ಬರೆಯಿರಿ. ಬೆಳೆ ಹಾನಿಗೆ ಹಿಂದೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆದಿದ್ದರೆ ಆ ಆದೇಶಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗಿರುವವರು ಇಲ್ಲಿ ಎಚ್ಚರದಿಂದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ಆ ಸುತ್ತಳತೆಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಇಲ್ಲದೆ ಹೊಸ ಪರವಾನಗಿ ಕೊಡುವಂತಿಲ್ಲ. ಪುಷ್ಪಗಿರಿ, ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಕಣಿವೆಗಳ ಅಂಚಿನ ಹಳ್ಳಿಗಳೆಲ್ಲ ಇದರೊಳಗೆ ಬರುತ್ತವೆ. ಪೊಲೀಸ್ ವರದಿ ಬಂದ ಮೇಲೂ ಕಡತ ಕದಲದಿದ್ದರೆ ಅದು ಅರಣ್ಯ ಇಲಾಖೆಯ ಮೇಜಿನ ಮೇಲಿದೆಯೇ ಎಂದು ಕೇಳಿ. ನಿರಾಕರಣೆ ಬಂದರೆ ಕಾರಣ ಬರಹದಲ್ಲಿ ಪಡೆದು ಮೂವತ್ತು ದಿನಗಳೊಳಗೆ ಮೇಲ್ಮನವಿ ಹಾಕಿ.

ಮೂರನೆಯ ಕೋವಿ ಇದ್ದರೆ

2019ರ ನವೆಂಬರಿನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ, ಒಬ್ಬರಿಗೆ ಮೂರು ಎಂದಿದ್ದ ಮಿತಿಯನ್ನು ಒಂದಕ್ಕೆ ಇಳಿಸಲು ಹೊರಟಿತ್ತು. ವಿರೋಧ ಬಂದು ಡಿಸೆಂಬರಿನಲ್ಲಿ ಎರಡಕ್ಕೆ ನಿಂತಿತು. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದ್ದೂ ಅದರಲ್ಲೇ. ಎರಡು ಎಂಬ ಮಿತಿ ಪಿತ್ರಾರ್ಜಿತ ಕೋವಿಗೂ ಅನ್ವಯಿಸುತ್ತದೆ, ಅದು ಸರಿ ಎಂದೇ ನನ್ನ ಅಭಿಪ್ರಾಯ. ಒಂದು ತೋಟ ಕಾಯಲು ಒಂದು ಕೋವಿ ಸಾಕು. ನಿಮ್ಮ ಬಳಿ ಈಗಾಗಲೇ ಎರಡಿದ್ದರೆ ಅಪ್ಪನದನ್ನು ತಂಗಿಯ ಹೆಸರಿಗೆ ಕೇಳಿ, ಇಲ್ಲವೇ ಅಂಗಡಿಗೆ ಮಾರಿಬಿಡಿ.

ಕೊಡಗಿನವರಿಗೆ ಒಂದು ಮಾತು

1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟಂದಿನಿಂದ ಬಂದ ವಿನಾಯಿತಿ ಇಂದಿಗೂ ಇದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಪರವಾನಗಿ ಬೇಕಿಲ್ಲ. ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ, ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿದೆ. ಕೈಲ್‌ಪೊಳ್ದ್‌ನಂದು ತೋಕ್‌ಪೂ ಹೂವಿಟ್ಟು, ಆಯುಧಗಳ ಆ ಹಬ್ಬದಲ್ಲಿ ಕೋವಿಯನ್ನು ಪೂಜಿಸುವ ಮನೆಗಳಿಗೆ ಅದು ಬರೀ ಆಯುಧವಲ್ಲ ಎಂಬುದನ್ನು ನಾನು ಗೌರವಿಸುತ್ತೇನೆ. ಆದರೆ ವಿನಾಯಿತಿ ಇರುವುದು ಮನುಷ್ಯನಿಗೆ, ಕೋವಿಗಲ್ಲ. ಅಪ್ಪನ ವಿನಾಯಿತಿ ಪತ್ರ ನಿಮ್ಮದಾಗುವುದಿಲ್ಲ, ನಿಮ್ಮ ಹೆಸರಿನದನ್ನು ಬೇರೆಯಾಗಿ ಮಾಡಿಸಿಕೊಳ್ಳಿ.

ಹೆಜ್ಜೆ 6: ಕೋವಿ ಮನೆಗೆ ಬಂದ ಮೇಲೆ

ಬಿಡಿಸಿಕೊಳ್ಳುವಾಗ ಸಂಖ್ಯೆಯನ್ನು ಮತ್ತೊಮ್ಮೆ ಓದಿ ನೋಡಿ. ಮನೆಯಲ್ಲಿ ಬೀಗವಿರುವ ಕಪಾಟಿನಲ್ಲಿಡಿ, ತೋಟೆ ಬೇರೆ ಕಡೆ. ಸ್ಪಂಜಿನ ಅಸ್ತರಿಯ ರೆಕ್ಸಿನ್ ಚೀಲದಲ್ಲಿ ಮಾತ್ರ ಇಡಬೇಡಿ. ಆಷಾಢದ ಥಂಡಿಯನ್ನು ಹೀರಿಕೊಂಡು ಒಂದೇ ಮಳೆಗಾಲದಲ್ಲಿ ನಳಿಗೆಯನ್ನು ತಿಂದುಹಾಕುತ್ತದೆ. ಹಳೆಯ ಹತ್ತಿ ಬಟ್ಟೆ, ತೆಳುವಾದ ಯಂತ್ರದ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಹಚ್ಚಿದರೆ ಅಂಟಾಗುತ್ತದೆ. ಪರವಾನಗಿ ಬರುವವರೆಗೆ ಮಂಗ ಓಡಿಸಲು ಪಿವಿಸಿ ಪೈಪಿನ ಕಾರ್ಬೈಡ್ ಗನ್ ತಂದುಕೊಂಡವರಿದ್ದಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಎಷ್ಟೋ ಮಕ್ಕಳ ಕಣ್ಣಿಗೆ ಹಾನಿ ಮಾಡಿದ್ದು ಅದೇ. ಮನೆಯಲ್ಲಿದ್ದರೆ ಇವತ್ತೇ ಮುರಿದು ಎಸೆಯಿರಿ.

ಕೋವಿ ಪರವಾನಗಿ ಬೇಟೆಯ ಪರವಾನಗಿಯಲ್ಲ. ಬೆದರಿಸಲು ಈಡು ಹೊಡೆಯುವುದು ಬೇರೆ, ಕೊಲ್ಲುವುದು ಬೇರೆ. ಹಂದಿಯನ್ನು ಹೊಡೆಯಬೇಕಾದರೂ ವನ್ಯಜೀವಿ ಕಾಯ್ದೆಯಡಿ ಅಧಿಕಾರವಿರುವ ಅಧಿಕಾರಿಯ ಬರಹದ ಅನುಮತಿ ಬೇಕು. ನವಿಲಿನ ತಂಟೆಗಂತೂ ಹೋಗಲೇಬೇಡಿ. ಮದುವೆ, ಜಾತ್ರೆಗಳ ಸಂಭ್ರಮದಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಚುನಾವಣೆ ಬಂದಾಗ ಕೋವಿ ಒಪ್ಪಿಸುವುದರಿಂದ ವಿನಾಯಿತಿ ಬೇಕಾದವರು ಜಿಲ್ಲೆಯ ಪರಿಶೀಲನಾ ಸಮಿತಿಗೆ ಮೊದಲೇ ಅರ್ಜಿ ಕೊಡಿ. ಕಾಡಂಚಿನ ಒಂಟಿಮನೆ, ನಿಂತ ಬೆಳೆ, ಪ್ರಕರಣಗಳಿಲ್ಲದ ಹಿನ್ನೆಲೆ, ಮೂರನ್ನೂ ಬರೆಯಿರಿ. ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ.

ಅಪ್ಪ ಇನ್ನೂ ಇದ್ದಾರೆ ಎಂದಾದರೆ ಇಷ್ಟು ಓಡಾಟ ಬೇಡ. ಅವರಿಗೆ ಎಪ್ಪತ್ತು ತುಂಬಿದ್ದರೆ, ಅಥವಾ ಕೋವಿ ಅವರ ಬಳಿ ಇಪ್ಪತ್ತೈದು ವರ್ಷ ಇದ್ದಿದ್ದರೆ, ತಾವೇ ಹೆಸರಿಸಿದ ವಾರಸುದಾರರಿಗೆ ಪರವಾನಗಿ ಕೊಡಿಸಲು ಅದೇ 25ನೇ ನಿಯಮದಲ್ಲಿ ದಾರಿಯಿದೆ. ನಮ್ಮ ಮನೆಯ ಕೋವಿ ಹೀಗೆಯೇ ತಂಗಿಯ ಹೆಸರಿಗೆ ಬಂದಿತು. ನಳಿಗೆಯ ಮೇಲಿನ ಕೊನೆಯ ಅಂಕಿ ಆರೋ ಸೊನ್ನೆಯೋ ಎಂದು ನಾವೆಲ್ಲ ತಲೆ ಕೆಡಿಸಿಕೊಂಡು ಕುಳಿತಿದ್ದಾಗ, ಕಣ್ಣು ಮಂಜಾಗಿದ್ದ ಅಪ್ಪ ಹೆಬ್ಬೆರಳಿನಿಂದ ಸವರಿ ನೋಡಿ ಆರು ಎಂದರು.