ಕ್ಲಿಂಕರ್ ಕಟ್ಟುವುದನ್ನು ಮೊದಲೇ ಹಿಡಿಯುವುದು ಹೇಗೆ

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬಾಯ್ಲರ್ ಶಿಫ್ಟಿಗೆ ಹೊಸದಾಗಿ ಬಂದ ಹುಡುಗರನ್ನು ನಾನು ಮೊದಲು ಪೀಪ್ ಹೋಲ್ (ಫರ್ನೇಸಿನ ಒಳಗೆ ಇಣುಕುವ ರಂಧ್ರ) ಹತ್ತಿರ ಕರೆದೊಯ್ಯುತ್ತಿದ್ದೆ. ಕಂಟ್ರೋಲ್ ರೂಮಿನಲ್ಲಿ ಕೂತರೆ ಬೂದಿ ಕಾಣುವುದಿಲ್ಲ, ಅಲ್ವಾ? ಆ ಬೂದಿ ಕರಗಿ, ಅಂಟಿ, ಗಟ್ಟಿಯಾದ ಹೆಂಟೆಯೇ ಕ್ಲಿಂಕರ್.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 45 ಭಾಗ ಬೂದಿಯೇ. ಮುಕ್ಕಾಲು ಪಾಲಿಗಿಂತ ಜಾಸ್ತಿ ಹೊಗೆಯ ಜೊತೆ ಹಾರಿಹೋಗುತ್ತದೆ. ಸಿಲಿಕಾ, ಅಲ್ಯೂಮಿನಾ ತುಂಬಿರುವ ಈ ಬೂದಿ ಸುಲಭಕ್ಕೆ ಕರಗುವಂಥದ್ದಲ್ಲ. ಕೆಡಿಸುವುದು ಕಬ್ಬಿಣ. ಗಾಳಿ ಕಡಿಮೆಯಾದ ಕಡೆ, ಪೈರೈಟ್‌ನಿಂದ (ಕಲ್ಲಿದ್ದಲಿನಲ್ಲಿರುವ ಕಬ್ಬಿಣ-ಗಂಧಕದ ಖನಿಜ) ಬಂದ ಕಬ್ಬಿಣ ಸೇರಿದ ಬೂದಿ ಬೇಗ ಕರಗುತ್ತದೆ.

ಫರ್ನೇಸಿನ ಗೋಡೆಯೇ ಆಗಿರುವ ನೀರಿನ ಕೊಳವೆ, ಅಂದರೆ ವಾಟರ್ ವಾಲ್ ಟ್ಯೂಬಿನ ಮೇಲೆ ಮೊದಲು ತೆಳ್ಳಗೆ ಪುಡಿ ಕೂರುತ್ತದೆ. ಒಳಗೆ ಹರಿಯುವ ನೀರಿನ ತಂಪು ಅದರ ಹೊರಮೈಗೆ ತಲುಪುವುದಿಲ್ಲ. (ಮುನ್ನೂರು ಡಿಗ್ರಿ ದಾಟಿದ ನೀರು, ಆದರೂ ಆ ಬೆಂಕಿಯ ಮುಂದೆ ಅದು ತಂಪೇ.) ಹೊರಮೈ ಕಾದು ಬೆಲ್ಲದ ಪಾಕದ ಹಾಗೆ ಅಂಟಂಟಾಗುತ್ತದೆ. ಆಮೇಲೆ ಬಂದ ಕಣವೆಲ್ಲ ಅಲ್ಲೇ ಹಿಡಿದುಕೊಳ್ಳುತ್ತದೆ. ದಪ್ಪವಾದಷ್ಟೂ ಬಿಸಿ, ಬಿಸಿಯಾದಷ್ಟೂ ಅಂಟು. ಮೇಲೆ ಸೂಪರ್‌ಹೀಟರ್‌ನಲ್ಲಿ (ಸ್ಟೀಮನ್ನು ಇನ್ನಷ್ಟು ಕಾಯಿಸುವ ಕೊಳವೆಗಳು) ಕಥೆ ಬೇರೆ: ಅಲ್ಲಿ ಸೋಡಿಯಂ, ಪೊಟ್ಯಾಸಿಯಂ ಆವಿ ತಣ್ಣಗಾಗಿ ಬೂದಿಯನ್ನು ಅಂಟಿಸುತ್ತದೆ.

ನೋಡುವ ಮೊದಲು ಫರ್ನೇಸ್ ಡ್ರಾಫ್ಟ್ (ಒಳಗಿನ ಒತ್ತಡ) ಮೈನಸ್‌ನಲ್ಲಿದೆಯೇ ಎಂದು ಕೇಳಿ. ನೀಲಿ ಗಾಜು ಹಿಡಿದು, ರಂಧ್ರಕ್ಕೆ ನೇರ ಮುಖ ಕೊಡದೆ ಪಕ್ಕಕ್ಕೆ ನಿಲ್ಲಿ. ಮಂಕಾದ ಒಣ ಪುಡಿ ಕಂಡರೆ ಚಿಂತೆಯಿಲ್ಲ. ಹೊಳೆಯುತ್ತ, ಮೇಣದ ಹಾಗೆ ಇಳಿಬಿದ್ದಿದ್ದರೆ ಆಗಲೇ ತಡವಾಗಿದೆ.

ಒಂದು ರಾತ್ರಿ ನಾನೇ ಮೋಸಹೋದೆ. 210 ಮೆಗಾವಾಟ್ ಯುನಿಟ್, ಹೊಗೆಯಲ್ಲಿನ ಆಕ್ಸಿಜನ್ ನೂರಕ್ಕೆ 3.5 ತೋರಿಸುತ್ತಿತ್ತು, ಅಂದರೆ ಗಾಳಿ ಸಾಕಷ್ಟಿದೆ ಎಂದು. ಸ್ಟೀಮಿನ ಬಿಸಿ ಇಳಿಸಲು ಹಾಕುವ ಸ್ಪ್ರೇ ನೀರು ಮಾತ್ರ ಗಂಟೆಗಂಟೆಗೂ ಏರುತ್ತಿತ್ತು. ಗೋಡೆ ಬಿಸಿ ಹೀರದಿದ್ದರೆ ಅದು ಮೇಲಕ್ಕೆ ಹೋಗಿ ಸ್ಟೀಮನ್ನು ಕಾಯಿಸುತ್ತದೆ. ಅದಕ್ಕೇ ಸ್ಪ್ರೇ ಜಾಸ್ತಿ ಬೇಕಾಗುತ್ತದೆ. ಸುಮ್ನೆ ಮೀಟರ್ ನಂಬಿ ಕೂತೆ. ಬೆಳಗಿನ ಜಾವ ಕ್ಲಿಂಕರ್ ಧಡಾರನೆ ಬಿತ್ತು. ಫರ್ನೇಸ್ ಪ್ರೆಷರ್ ಜಿಗಿದು ಯುನಿಟ್ ಟ್ರಿಪ್, ತಾನಾಗೇ ನಿಂತಿತು. ಫರ್ನೇಸಿನ ಒಂದು ಮೂಲೆಯ ಗಾಳಿ ಡ್ಯಾಂಪರ್ (ಗಾಳಿ ಬಿಡುವ ತಡೆಬಾಗಿಲು) ಸಿಕ್ಕಿಕೊಂಡು ಅಲ್ಲಿ ಗಾಳಿ ಕಡಿಮೆಯಾಗಿತ್ತು. ಮೀಟರ್ ತೋರಿಸಿದ್ದು ನಾಲ್ಕೂ ಮೂಲೆಯ ಸರಾಸರಿ.

ಹಾಗಾಗಿ ಸ್ಪ್ರೇ ಏರಿದರೆ ನಾಲ್ಕೂ ಮೂಲೆಗಳ ಡ್ಯಾಂಪರನ್ನು ಕಣ್ಣಾರೆ ನೋಡಿ ಬನ್ನಿ. ಆಮೇಲೆ ಆ ಭಾಗದ ವಾಲ್ ಬ್ಲೋವರ್ (ಸ್ಟೀಮ್ ಊದಿ ಗೋಡೆಯ ಬೂದಿ ಕೆಡವುವ ಯಂತ್ರ) ಮಾತ್ರ ಓಡಿಸಿ. ಸ್ವಚ್ಛ ಗೋಡೆಗೆ ಊದಿದರೆ ಟ್ಯೂಬ್ ಸವೆಯುತ್ತದೆ. ಬ್ಲೋವರ್ ಸ್ಟೀಮ್ ಲೈನಿನ ನೀರು ಪೂರ್ತಿ ಡ್ರೈನ್ ಆಗುವ ತನಕ ಸ್ಟೀಮ್ ಬಿಡಬೇಡಿ. ಗಟ್ಟಿ ಕ್ಲಿಂಕರ್‌ಗೆ ಸಲಾಕೆ ಹಾಕಬೇಡಿ, ಲೋಡ್ ಇಳಿಸಿ. ತಣ್ಣಗಾಗಿ ಕುಗ್ಗಿದಾಗ ಅದಾಗೇ ಬಿರುಕು ಬಿಡುತ್ತದೆ. ಅಷ್ಟು ಹೊತ್ತೂ ಬಾಟಮ್ ಆ್ಯಶ್ ಹಾಪರ್ (ಫರ್ನೇಸಿನ ತಳದಲ್ಲಿ ಬೂದಿ ಬೀಳುವ ತೊಟ್ಟಿ) ಹತ್ತಿರ ಯಾರನ್ನೂ ನಿಲ್ಲಲು ಬಿಡಬೇಡಿ.